ಮಿಶಿಗನ್ ಸೋತರೆ ಕೊಲಂಬಸ್‌ನಲ್ಲಿ ಯಾಕೆ ಹಬ್ಬ?

ಪ್ರಶ್ನೆ: ನನ್ನ ಮಗ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮುಗಿಸಿ ಈಗ ಓಹಿಯೊದ ಕೊಲಂಬಸ್‌ನಲ್ಲಿ ಕೆಲಸಕ್ಕಿದ್ದಾನೆ. ನವೆಂಬರ್ ಬಂತೆಂದರೆ ಆಫೀಸಿನವರು ಅವನ ಹೆಸರಿನ ಫಲಕದಲ್ಲಿರುವ ‘ಎಂ’ ಅಕ್ಷರದ ಮೇಲೆ ಕೆಂಪು ಟೇಪು ಅಂಟಿಸುತ್ತಾರಂತೆ. ಮಿಶಿಗನ್ ಫುಟ್‌ಬಾಲ್ ಟೀಮು ಬೇರೆ ಯಾರ ಕೈಲಿ ಸೋತರೂ ಸರಿ, ಸೋಮವಾರ ಬೆಳಿಗ್ಗೆ ಇವನ ಟೇಬಲ್ ಮೇಲೆ ಒಂದು ಟಿಶ್ಯೂ ಡಬ್ಬ ಬಂದು ಕೂತಿರುತ್ತದಂತೆ. ಕಣ್ಣೀರು ಒರೆಸಿಕೊಳ್ಳಲಿ ಅಂತ. ಅವನು ನಗುತ್ತಲೇ ಹೇಳುತ್ತಾನೆ. ನನಗೆ ಮಾತ್ರ ಕಸಿವಿಸಿ. ತಾವು ಗೆದ್ದಾಗ ಕುಣಿಯಲಿ, ಬೇಡ ಅನ್ನುವುದಿಲ್ಲ. ಇನ್ನೊಬ್ಬರು ಸೋತಿದ್ದಕ್ಕೆ ಕುಣಿಯುವುದು ಯಾವ ಸೀಮೆಯ ಆಟ? ಇದು ತಮಾಷೆಯೋ, ಅವಮಾನವೋ? ಅವನು ಏನು ಮಾಡಬೇಕು? — ತಾಯಿಯೊಬ್ಬರು, ದಾವಣಗೆರೆ

ಉತ್ತರ: ಮೊದಲು ಆ ಕೆಂಪು ಟೇಪಿನ ವಿಷಯ ಮುಗಿಸಿಬಿಡೋಣ. ಅದು ನಿಮ್ಮ ಮಗನನ್ನೇ ಹುಡುಕಿಕೊಂಡು ಬಂದ ಕುಚೋದ್ಯ ಅಲ್ಲ. ಮಿಶಿಗನ್ ಜೊತೆ ಪಂದ್ಯ ಇರುವ ವಾರ ಕೊಲಂಬಸ್ಸಿನಲ್ಲೇ ಇರುವ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಬೋರ್ಡುಗಳ ಮೇಲಿನ ಎಂ ಅಕ್ಷರಗಳಿಗೆಲ್ಲ ಹೀಗೇ ಕಾಟು ಹೊಡೆಯುತ್ತಾರೆ. ಅಷ್ಟೇ ಅಲ್ಲ, ಕಟ್ಟಾ ಅಭಿಮಾನಿಗಳು ಮಿಶಿಗನ್ ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ. ‘ಆ ಉತ್ತರದ ಕಡೆಯ ಟೀಮು’ ಅನ್ನುತ್ತಾರೆ. ಗಂಡನ ಹೆಸರು ಹೇಳದ ನಮ್ಮ ಅಜ್ಜಿಯರ ಹಾಗೆ, ಕಾರಣ ಮಾತ್ರ ತಿರುಗಾಮುರುಗಾ.

ನಾನು ಆ ಊರಲ್ಲಿ ಹದಿನೇಳು ವರ್ಷ ಇದ್ದೆ. ಕ್ರೀಡಾ ಮನಶ್ಶಾಸ್ತ್ರ ನನ್ನ ಪಾಠದ ವಿಷಯ. ನನ್ನ ಹೆಸರಲ್ಲೂ ಒಂದು ಎಂ ಇದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಹೆಲ್ಮೆಟ್ ಹಾಕಿಕೊಂಡು ಎದುರಿನವರ ಮೇಲೆ ನುಗ್ಗುವ ಆಟ ಅದು. ಅದಕ್ಕೆ ದುಡ್ಡಿನ ದೊಡ್ಡ ಲೀಗ್ ಬೇರೆ ಇದೆ. ಆದರೆ ಆ ಲೀಗಿನ ಟೀಮು ಕೊಲಂಬಸ್‌ಗೆ ಇಲ್ಲ. ಓಹಿಯೊದವರ ಪಾಲಿನ ಎರಡು ಟೀಮುಗಳು ಕ್ಲೀವ್‌ಲ್ಯಾಂಡ್‌ನಲ್ಲಿ, ಸಿನ್ಸಿನಾಟಿಯಲ್ಲಿ ಇವೆ. ಹೀಗಾಗಿ ಕಾಲೇಜು ಟೀಮೇ ಕೊಲಂಬಸ್ಸಿನ ಊರ ಟೀಮು. ಆ ಕಾಲೇಜಿನಲ್ಲಿ ಒಂದು ದಿನವೂ ಓದದ ಮೆಕ್ಯಾನಿಕ್ಕು, ಕ್ಷೌರಿಕ, ಹಲ್ಲಿನ ಡಾಕ್ಟರು ಎಲ್ಲರೂ ‘ನಾವು’ ಅಂತಲೇ ಮಾತಾಡುತ್ತಾರೆ. ಸ್ಟೇಡಿಯಂಗೆ ಪಂದ್ಯದ ದಿನ ಲಕ್ಷಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ಆಚೆ ಮಿಶಿಗನ್ ವಿಶ್ವವಿದ್ಯಾಲಯ ಇರುವ ಆನ್ ಆರ್ಬರ್ ಊರಿನ ಮಿಶಿಗನ್ ಸ್ಟೇಡಿಯಂ ಇನ್ನೂ ದೊಡ್ಡದು, 1,07,601 ಸೀಟು. ಎರಡು ಊರಿಗೂ ನಡುವೆ ಸುಮಾರು 300 ಕಿಲೋಮೀಟರು. ನಿಮ್ಮೂರಿನಿಂದ ಬೆಂಗಳೂರಿಗಿಂತ ಒಂಚೂರು ಜಾಸ್ತಿ ಅಷ್ಟೇ.

ಪಂದ್ಯಗಳೋ ಬಲು ಕಡಿಮೆ. ವರ್ಷಕ್ಕೆ 12, ಮುಂದಕ್ಕೆ ಹೋದರೆ ಇನ್ನು ಮೂರು ನಾಲ್ಕು. ಐಪಿಎಲ್‌ನಲ್ಲಿ ಆರು ಪಂದ್ಯ ಸೋತೂ ಕಪ್ ಎತ್ತಿದವರಿದ್ದಾರೆ. ಇಲ್ಲಿ ತುಂಬಾ ವರ್ಷಗಳ ಕಾಲ ಒಂದೇ ಒಂದು ಸೋಲು ಇಡೀ ವರ್ಷವನ್ನು ನುಂಗಿಹಾಕುತ್ತಿತ್ತು. 2024ರಿಂದ ಪ್ಲೇಆಫ್‌ಗೆ 12 ಟೀಮುಗಳನ್ನು ಸೇರಿಸಿಕೊಂಡ ಮೇಲೆ ಉಸಿರಾಡಲು ಕೊಂಚ ಜಾಗ ಸಿಕ್ಕಿದೆ. ಇಷ್ಟು ಕಮ್ಮಿ ಪಂದ್ಯ ಇರುವಾಗ ಒಂದೊಂದು ಸೋಲಿನ ನೆನಪೂ ಮೂವತ್ತು ನಲವತ್ತು ವರ್ಷ ಬಾಳುತ್ತದೆ.

ಈ ಎರಡು ರಾಜ್ಯಗಳ ಜಗಳಕ್ಕೆ ಒಂದು ಹಳೇ ಕತೆ ಇದೆ, ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 1835ರಲ್ಲಿ ಟೊಲೀಡೊ ಊರಿರುವ ಒಂದು ಪಟ್ಟಿ ಜಾಗಕ್ಕಾಗಿ ಓಹಿಯೊ, ಮಿಶಿಗನ್ ಎರಡೂ ಕಡೆಯವರು ದಂಡು ಕಟ್ಟಿಕೊಂಡು ಗಡಿಗೆ ಹೋದರು. ಯಾರೂ ಸಾಯಲಿಲ್ಲ. ಒಬ್ಬ ಡೆಪ್ಯುಟಿ ಶೆರಿಫನಿಗೆ, ಅಂದರೆ ಅಲ್ಲಿಯ ಪೊಲೀಸ್ ಅಧಿಕಾರಿಗೆ, ಚಾಕುವಿನ ಗಾಯ ಆಯಿತು, ಅಷ್ಟೇ. ಕೊನೆಗೆ ಟೊಲೀಡೊ ಓಹಿಯೊಗೆ ಹೋಯಿತು. ಮಿಶಿಗನ್‌ಗೆ ಸಮಾಧಾನಕ್ಕೆ ಅಂತ ಉತ್ತರದ ಕಾಡು ಕೊಟ್ಟರು. ಆ ಕಾಡಲ್ಲಿ ಆಮೇಲೆ ತಾಮ್ರ, ಕಬ್ಬಿಣ ಸಿಕ್ಕಿತು, ಅದು ಬೇರೆ ಮಾತು. ಫುಟ್‌ಬಾಲ್ ಹಗೆಗೆ ಇದೇ ಮೂಲ ಅನ್ನುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಿಜವಾದ ಕಾರಣ ಸ್ಕೋರ್‌ಬೋರ್ಡಿನಲ್ಲೇ ಇದೆ. 1897ರಲ್ಲಿ ಮೊದಲ ಪಂದ್ಯ, ಮಿಶಿಗನ್ 34-0. 1902ರಲ್ಲಿ 86-0. ಓಹಿಯೊ ಸ್ಟೇಟ್ ಮೊದಲ ಸಲ ಗೆದ್ದದ್ದು 1919ರಲ್ಲಿ. ಇಪ್ಪತ್ತೆರಡು ವರ್ಷ ಒದೆ ತಿಂದವರ ಮನೆಯಲ್ಲಿ ಸೇಡಿನ ಮಾತು ಮೊಸರಿನ ಹೆಪ್ಪಿನಂತೆ ದಿನದಿಂದ ದಿನಕ್ಕೆ ಮುಂದುವರಿಯುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇನ್ನೊಬ್ಬರ ಕೈಲಿ ಸೋತದ್ದಕ್ಕೆ ಇವರಿಗೇನು ಖುಷಿ?

2007ರ ಸೆಪ್ಟೆಂಬರ್ 1, ಶನಿವಾರ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ರಿಟೈರಾದ ಪೋಸ್ಟ್‌ಮ್ಯಾನ್ ಇದ್ದರು. ಎಪ್ಪತ್ತು ದಾಟಿದ ವಯಸ್ಸು, ಮಂಡಿನೋವು, ಮಾತು ಕಮ್ಮಿ. ಆ ಮಧ್ಯಾಹ್ನ ನಾನು ಹಿತ್ತಲಲ್ಲಿ ಮೆಣಸಿನ ಗಿಡಕ್ಕೆ ನೀರು ಹಾಕುತ್ತಿದ್ದೆ. ಬೇಲಿಯ ಆಚೆಯಿಂದ ಒಂದು ಕಿರುಚು ಕೇಳಿಸಿತು. ಬಿದ್ದುಬಿಟ್ಟರೇನೋ ಅಂತ ಪೈಪು ಬಿಸಾಡಿ ಓಡಿದೆ. ಮನುಷ್ಯ ಕೈಯಲ್ಲಿ ರೇಡಿಯೊ ಹಿಡಿದುಕೊಂಡು, ಒಂದೇ ಚಪ್ಪಲಿಯಲ್ಲಿ, ಹುಲ್ಲಿನ ಮೇಲೆ ಕುಣಿಯುತ್ತಿದ್ದರು. ಕುಣಿತ ಅಂದರೆ ಏನು, ಮಂಡಿ ಬಗ್ಗದವರ ಕುಣಿತ. ಕಣ್ಣಲ್ಲಿ ನೀರು. ‘ಅಪಲೇಚಿಯನ್ ಸ್ಟೇಟ್! ಅಪಲೇಚಿಯನ್ ಸ್ಟೇಟ್!’ ಅಂತ ನನ್ನ ಎರಡೂ ಕೈ ಹಿಡಿದು ಅಲ್ಲಾಡಿಸಿದರು. ಆ ಹೆಸರಿನ ಕಾಲೇಜು ಎಲ್ಲಿದೆ ಅಂತ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ, ನನಗೂ ಇಲ್ಲ. ನಾರ್ತ್ ಕ್ಯಾರೊಲಿನಾದ ಬೆಟ್ಟದ ಮೇಲಿನ ಕಾಲೇಜು, ಕೆಳಗಿನ ದರ್ಜೆಯ ವಿಭಾಗದ ಟೀಮು. ದೇಶದಲ್ಲಿ ಐದನೇ ರ‍್ಯಾಂಕಿನಲ್ಲಿದ್ದ ಮಿಶಿಗನ್ ಅದನ್ನು ತನ್ನ ಮನೆಗೆ ಕರೆಸಿಕೊಂಡಿತ್ತು. ಸೀಸನ್ನಿನ ಮೊದಲ ಪಂದ್ಯ, ಸುಮ್ನೆ ಮೈ ಬಿಸಿ ಮಾಡಿಕೊಳ್ಳಲು. 34-32ರಿಂದ ಸೋತಿತು. ಕೊನೆಯ ಕ್ಷಣದಲ್ಲಿ ಹೊಡೆದ ಗೆಲುವಿನ ಕಿಕ್ಕನ್ನು ಆ ಹುಡುಗರು ಹಾರಿ ತಡೆದುಬಿಟ್ಟರು.

ಅವತ್ತೇ ಓಹಿಯೊ ಸ್ಟೇಟ್ ಕೂಡ ಆಡಿತ್ತು. ಯಂಗ್ಸ್‌ಟೌನ್ ಸ್ಟೇಟ್ ಮೇಲೆ 38-6 ಗೆಲುವು. ಆ ಸ್ಕೋರು ಕೊಲಂಬಸ್‌ನಲ್ಲಿ ಎಷ್ಟು ಜನರಿಗೆ ನೆನಪಿದೆಯೋ ಕೇಳಿ ನೋಡಿ. 34-32 ಅಂದರೆ ಮಾತ್ರ ಮಕ್ಕಳೂ ಹೇಳುತ್ತಾರೆ. ನಮ್ಮ ಪೋಸ್ಟ್‌ಮ್ಯಾನ್ ಎರಡು ವಾರದೊಳಗೆ ಆ ಕಾಲೇಜಿನ ಕಪ್ಪು ಹಳದಿ ಟೀ ಶರ್ಟು ತರಿಸಿಕೊಂಡರು. ಐದು ವರ್ಷ ಹಾಕಿಕೊಂಡು ಕತ್ತು ಹರಿಯುವವರೆಗೂ ಬಿಡಲಿಲ್ಲ.

ಇದಕ್ಕೆ ಜರ್ಮನ್ ಭಾಷೆಯಲ್ಲಿ ಒಂದು ಪದ ಇದೆ, ಶಾಡನ್‌ಫ್ರಾಯ್ಡ. ಇನ್ನೊಬ್ಬರ ಪೆಟ್ಟಿನಲ್ಲಿ ಸಿಗುವ ಸಂತೋಷ ಅಂತ. ನಮ್ಮಲ್ಲಿ ಪದ ಇಲ್ಲದಿದ್ದರೂ ಅನುಭವಕ್ಕೇನೂ ಕೊರತೆ ಇಲ್ಲ. ‘ಹಾಗೇ ಆಗಬೇಕು ಅವನಿಗೆ’ ಅಂತ ಒಮ್ಮೆಯೂ ಅನ್ನದವರು ಯಾರಿದ್ದಾರೆ? ಮೀನಾ ಸಿಕಾರಾ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಅವರು ಆರಿಸಿಕೊಂಡದ್ದು ಬೇಸ್‌ಬಾಲ್‌ನ ಬದ್ಧ ವೈರಿಗಳಾದ ಯಾಂಕೀಸ್ ಮತ್ತು ರೆಡ್ ಸಾಕ್ಸ್ ಅಭಿಮಾನಿಗಳನ್ನು. ಅವರನ್ನು ಸ್ಕ್ಯಾನರಿನೊಳಗೆ ಮಲಗಿಸಿ ಆಟ ತೋರಿಸಿದರು. ತಮ್ಮ ಟೀಮು ಚೆನ್ನಾಗಿ ಆಡಿದಾಗ ಮಿದುಳಿನಲ್ಲಿ ಖುಷಿಗೆ ಸಂಬಂಧಪಟ್ಟ ಭಾಗ ಚುರುಕಾಯಿತು. ಎದುರಾಳಿ ಎಡವಿದಾಗಲೂ ಅದೇ ಭಾಗ ಚುರುಕಾಯಿತು. ಎದುರಾಳಿ ಇವರ ವಿರುದ್ಧ ಆಡದೆ ಮೂರನೆಯವರಾದ ಓರಿಯೋಲ್ಸ್ ವಿರುದ್ಧ ಎಡವಿದರೂ ಖುಷಿಯೇ. ಅಂದರೆ ನಿಮ್ಮ ಮಗನ ಟೇಬಲ್ ಮೇಲೆ ಟಿಶ್ಯೂ ಡಬ್ಬ ಇಡುವವನ ತಲೆಯೊಳಗೆ ಅವನ ಟೀಮು ಗೆದ್ದಷ್ಟೇ ನಿಜವಾದ ಖುಷಿ ನಡೆಯುತ್ತಿರುತ್ತದೆ. ನಟನೆ ಅಲ್ಲ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಕಾಲೇಜು ಫುಟ್‌ಬಾಲ್‌ನಲ್ಲಿ ರ‍್ಯಾಂಕು ಕೊಡುವಾಗ ನೀವು ಎಂಥವರ ಮೇಲೆ ಗೆದ್ದಿರಿ ಅಂತ ನೋಡುತ್ತಾರೆ. ಮಿಶಿಗನ್ ಸೋಲುತ್ತಾ ಹೋದಷ್ಟೂ ಮಿಶಿಗನ್ ಮೇಲಿನ ಗೆಲುವಿಗೆ ಬೆಲೆ ಕಮ್ಮಿ. ಲೆಕ್ಕ ಹಾಕಿದರೆ ಇವರಿಬ್ಬರ ಪಂದ್ಯ ಬರುವ ನವೆಂಬರ್ ಕೊನೆಯ ಶನಿವಾರದವರೆಗೆ ಅವರು ಎಲ್ಲವನ್ನೂ ಗೆದ್ದುಕೊಂಡೇ ಬರಬೇಕು, ಅದೇ ಓಹಿಯೊಗೆ ಲಾಭ. ನಮ್ಮ ಪೋಸ್ಟ್‌ಮ್ಯಾನ್‌ಗೆ ಇದನ್ನು ಒಮ್ಮೆ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ‘ಲೆಕ್ಕ ಸರಿ ಇದೆ. ಆದರೂ ಸೋಲಲಿ’ ಅಂದರು.

ಯಾಕೆ ಅಂತ ಗೊತ್ತಾಗಬೇಕಾದರೆ 1990ರ ದಶಕಕ್ಕೆ ಹೋಗಬೇಕು. ನನ್ನ ಪ್ರಕಾರ ಗೇಲಿಯ ಬೇರು ಇರುವುದು ಸೊಕ್ಕಿನಲ್ಲಲ್ಲ, ಗಾಯದಲ್ಲಿ. ಜಾನ್ ಕೂಪರ್ ಎಂಬ ಕೋಚ್ 1988ರಿಂದ 2000ದವರೆಗೆ ಓಹಿಯೊ ಸ್ಟೇಟ್ ಟೀಮು ನಡೆಸಿದರು. ಒಳ್ಳೆಯ ಕೋಚು, ನೂರಕ್ಕೂ ಹೆಚ್ಚು ಪಂದ್ಯ ಗೆದ್ದವರು. ಮಿಶಿಗನ್ ವಿರುದ್ಧ ಮಾತ್ರ 13 ವರ್ಷದಲ್ಲಿ ಎರಡು ಗೆಲುವು, ಹತ್ತು ಸೋಲು, ಒಂದು ಡ್ರಾ. 1993, 1995, 1996 ಈ ಮೂರೂ ವರ್ಷ ಒಂದೂ ಪಂದ್ಯ ಸೋಲದೆ ಮಿಶಿಗನ್ ಮುಂದೆ ಬಂದು ನಿಂತಿದ್ದರು. ಮೂರೂ ವರ್ಷ ಅಲ್ಲೇ ಮುಗ್ಗರಿಸಿದರು. ಊಟಕ್ಕೆ ಕೂತು ಎಲೆ ತುಂಬ ಬಡಿಸಿದ ಮೇಲೆ ಕೈ ಹಿಡಿದು ಎಬ್ಬಿಸಿದ ಹಾಗೆ. ಕೊನೆಗೆ ಕೆಲಸ ಹೋಯಿತು. ಅವರ ಜಾಗಕ್ಕೆ ಬಂದ ಜಿಮ್ ಟ್ರೆಸಲ್ ಮೊದಲ ದಿನಗಳಲ್ಲೇ ಜನರೆದುರು ನಿಂತು, ಇನ್ನು 310 ದಿನಕ್ಕೆ ಆನ್ ಆರ್ಬರ್‌ನಲ್ಲಿ ನಮ್ಮ ಹುಡುಗರ ಬಗ್ಗೆ ಹೆಮ್ಮೆ ಪಡುತ್ತೀರಿ ಅಂದರು. ಕಪ್ಪಿನ ಮಾತಿಲ್ಲ. ಒಂದು ಪಂದ್ಯಕ್ಕಾಗಿ ಬೆರಳು ಮಡಚಿ ಎಣಿಸಿದ ದಿನಗಳು. ಆ ಪಂದ್ಯ ಗೆದ್ದರು ಕೂಡ, 26-20.

2007ರಲ್ಲಿ ಹುಲ್ಲಿನ ಮೇಲೆ ಕುಣಿದ ಮುದುಕ 1996ರಲ್ಲಿ ಅದೇ ಅಂಗಳದಲ್ಲಿ ಕೂತು ಮೂರು ದಿನ ಯಾರ ಜೊತೆಯೂ ಮಾತಾಡಿರಲಿಲ್ಲ ಅಂತ ಅವರ ಹೆಂಡತಿ ಆಮೇಲೆ ನನಗೆ ಹೇಳಿದರು.

ಇದೂ ನನ್ನ ಊಹೆಯೊಂದೇ ಅಲ್ಲ. 1998ರ ಫುಟ್‌ಬಾಲ್ (ನಮ್ಮ ಕಾಲ್ಚೆಂಡಾಟ) ವಿಶ್ವಕಪ್ಪಿನಲ್ಲಿ ಜರ್ಮನಿ ಕ್ರೊವೇಷಿಯಾ ಕೈಲಿ 3-0ಯಿಂದ ಸೋತಿತಲ್ಲ, ಆಗ ಡಚ್ಚರಿಗೆ ಎಷ್ಟು ಖುಷಿಯಾಯಿತು ಅಂತ ಸಂಶೋಧಕರು ಅಳೆದರು. ಫುಟ್‌ಬಾಲ್‌ನಲ್ಲಿ ನೀವು ಸ್ವಲ್ಪ ಕೆಳಗಿನವರೇ ಅನ್ನುವುದನ್ನು ನೆನಪಿಸಿದಾಗ ಖುಷಿ ಇನ್ನೂ ಜಾಸ್ತಿ ಆಯಿತು. ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 17 ಸೀಸನ್ ಕಪ್ಪಿಲ್ಲದೆ, ‘ಈ ಸಲ ಕಪ್ ನಮ್ದೇ’ ಅಂತ ಹೇಳಿ ಹೇಳಿ ನಗೆಪಾಟಲಾದವರು ನಾವು. 2025ರಲ್ಲಿ ಕಪ್ಪು ಬಂದದ್ದೂ ಅದೇ ವರ್ಷ ಚೆನ್ನೈ ಪಟ್ಟಿಯ ತಳ ಹಿಡಿದದ್ದೂ ಎರಡೂ ಸೇರಿಯೇ ಅಲ್ವಾ ಹೋಳಿಗೆ ಊಟ ಆದದ್ದು?

ಹೀಗೆ ಅಪಲೇಚಿಯನ್ ಏಟು ಬಿದ್ದ ಮರುವರ್ಷ ಮಿಶಿಗನ್ ಪೂರ್ತಿ ಕುಸಿಯಿತು. 2008ರಲ್ಲಿ ಹೊಸ ಕೋಚು, ಹೊಸ ಆಟದ ಶೈಲಿ, ಮೂರು ಗೆಲುವು, ಒಂಬತ್ತು ಸೋಲು. ಅದರಲ್ಲಿ ಒಂದು ಸೋಲು ಟೊಲೀಡೊ ಕಾಲೇಜಿನ ಕೈಲಿ, 13-10. ಅದೇ ಟೊಲೀಡೊ, 1835ರ ಜಗಳದ ಊರು! ಟೊಲೀಡೊ ಆಡುವ ಚಿಕ್ಕ ಲೀಗಿನ ಯಾವ ಟೀಮಿಗೂ ಮಿಶಿಗನ್ ಅದುವರೆಗೆ ಸೋತಿರಲಿಲ್ಲ. ಕೊಲಂಬಸ್‌ನಲ್ಲಿ ಆ ವಾರ ನಾನು ಕೇಳಿದ ಜೋಕುಗಳನ್ನು ಇಲ್ಲಿ ಬರೆಯಲಾರೆ. ಅರ್ಧ ಜೋಕು ಚೆನ್ನಾಗಿರಲಿಲ್ಲ, ಇನ್ನರ್ಧ ತಾಯಂದಿರಿಗೆ ಹೇಳುವಂಥದ್ದಲ್ಲ.

ಆಮೇಲೆ ಆದದ್ದು ನನಗೆ ಹೆಚ್ಚು ಕುತೂಹಲದ ಸಂಗತಿ. 2001ರಿಂದ 2019ರವರೆಗಿನ 19 ಪಂದ್ಯಗಳಲ್ಲಿ ಮಿಶಿಗನ್ ಗೆದ್ದದ್ದು ಎರಡೇ ಎರಡು, 2003 ಮತ್ತು 2011. ಓಹಿಯೊದ 2010ರ ಗೆಲುವನ್ನು ನಿಯಮ ಮುರಿದದ್ದಕ್ಕೆ ದಾಖಲೆಯಿಂದ ಅಳಿಸಿದರು ಅನ್ನಿ. ಅಂತೂ ಗೇಲಿ ಮಾಡಲು ಇದಕ್ಕಿಂತ ಒಳ್ಳೆಯ ಕಾಲ ಬೇಕಾ? ಆದರೆ ಆ ವರ್ಷಗಳ ಕೊನೆಕೊನೆಗೆ ಜೋಕುಗಳು ಸಪ್ಪೆಯಾದವು. ನಮ್ಮ ಪೋಸ್ಟ್‌ಮ್ಯಾನ್ ಒಂದು ಸಲ ಬೇಲಿಗೆ ಒರಗಿಕೊಂಡು, ‘ಈ ಹುಡುಗರಿಗೆ ಏನಾಗಿದೆ, ಒಂದು ಸರಿಯಾದ ಪಂದ್ಯ ಕೊಡುವುದಕ್ಕೂ ಆಗುವುದಿಲ್ಲವಾ’ ಅಂತ ಗೊಣಗಿದರು. ನಿಜವಾಗಿ ಚಿಂತೆಯ ದನಿ ಅದು. ಬಿದ್ದವನನ್ನು ನೋಡಿ ನಗಬೇಕಾದರೆ ಅವನು ಎತ್ತರದಿಂದ ಬೀಳಬೇಕು. ನಾರ್ತ್‌ವೆಸ್ಟರ್ನ್ ಸೋತರೆ ಕೊಲಂಬಸ್‌ನಲ್ಲಿ ಒಬ್ಬನೂ ತಲೆ ಎತ್ತುವುದಿಲ್ಲ. ಅದೂ ಓಹಿಯೊ ಸ್ಟೇಟ್, ಮಿಶಿಗನ್ ಎರಡೂ ಆಡುವ ಬಿಗ್ ಟೆನ್ ಎಂಬ ಕಾಲೇಜು ಕೂಟದ್ದೇ ಟೀಮು, ಅದಕ್ಕೂ ವರ್ಷಾನುಗಟ್ಟಲೆ ಕಷ್ಟಕಾಲ ಇತ್ತು. ಆದರೂ ಯಾರೂ ಅದರ ಹೆಸರಿನ ಅಕ್ಷರಕ್ಕೆ ಟೇಪು ಹಚ್ಚುವುದಿಲ್ಲ. ಗೇಲಿ ಅನ್ನುವುದು ಎದುರಾಳಿಗೆ ಕಟ್ಟುವ ಒಂದು ಥರದ ಕಪ್ಪಕಾಣಿಕೆ. ಕೊಡುವವನು ಒಪ್ಪುವುದಿಲ್ಲ ಅಷ್ಟೇ.

ಒಂದೇ ಒಂದು ದಿನ ಆ ಊರು ಗೇಲಿ ಮರೆತದ್ದನ್ನು ನೋಡಿದ್ದೇನೆ. 2006ರ ನವೆಂಬರ್ 18. ಎರಡೂ ಟೀಮು ಒಂದೂ ಸೋಲಿಲ್ಲದೆ ಬಂದಿದ್ದವು. ದೇಶದ ನಂಬರ್ ಒಂದು ಓಹಿಯೊ ಸ್ಟೇಟ್, ನಂಬರ್ ಎರಡು ಮಿಶಿಗನ್. ಹಿಂದಿನ ದಿನ ಬೋ ಶೆಂಬೆಕ್ಲರ್ ತೀರಿಕೊಂಡರು. ಇಪ್ಪತ್ತೊಂದು ವರ್ಷ ಮಿಶಿಗನ್ ಕೋಚ್ ಆಗಿದ್ದವರು, ಓಹಿಯೊದಲ್ಲೇ ಹುಟ್ಟಿದವರು, ಓಹಿಯೊ ಸ್ಟೇಟ್‌ನ ವುಡಿ ಹೇಯ್ಸ್ ಕೈಕೆಳಗೇ ಪಳಗಿದವರು. 1969ರಿಂದ 1978ರವರೆಗೆ ಈ ಗುರು ಶಿಷ್ಯರು ಎದುರುಬದುರಾಗಿ ಕಾದಾಡಿದ್ದನ್ನು ಅಲ್ಲಿಯವರು ಈಗಲೂ ‘ಹತ್ತು ವರ್ಷದ ಯುದ್ಧ’ ಅನ್ನುತ್ತಾರೆ. ಪಂದ್ಯ ಶುರುವಾಗುವ ಮುಂಚೆ ಓಹಿಯೊ ಸ್ಟೇಡಿಯಂನಲ್ಲಿ ಅವರಿಗಾಗಿ ಮೌನ ಆಚರಿಸಿದರು. ಲಕ್ಷ ಜನ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಆಮೇಲೆ ನಾಲ್ಕು ಗಂಟೆ ಗಂಟಲು ಹರಿದುಕೊಂಡರು, 42-39ಕ್ಕೆ ಗೆದ್ದರು. ಅದಿರಲಿ.

ಇಷ್ಟೆಲ್ಲ ಹೇಳಿ ಎಲ್ಲ ಗೇಲಿಯೂ ನಿರುಪದ್ರವಿ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಮೇಲೆ ಹೇಳಿದ ಬೇಸ್‌ಬಾಲ್ ಅಧ್ಯಯನದಲ್ಲಿ ಒಂದು ಕಹಿ ಭಾಗವೂ ಇದೆ. ಎದುರಾಳಿ ಎಡವಿದಾಗ ಯಾರ ಮಿದುಳು ಜಾಸ್ತಿ ಚುರುಕಾಯಿತೋ ಅವರೇ ಎದುರಾಳಿ ಅಭಿಮಾನಿಯನ್ನು ಬೈಯಲು, ತಳ್ಳಲು, ಹೊಡೆಯಲು ತಯಾರು ಅಂತ ಜಾಸ್ತಿ ಹೇಳಿಕೊಂಡರು. ದಕ್ಷಿಣದ ಅಲಬಾಮಾ ರಾಜ್ಯದಲ್ಲಿ ಇಂಥದ್ದೇ ಇನ್ನೊಂದು ಜೋಡಿ ಇದೆ, ಅಲಬಾಮಾ ಮತ್ತು ಆಬರ್ನ್. 2010ರಲ್ಲಿ ಅಲಬಾಮಾ 24-0 ಮುಂದಿದ್ದೂ 28-27ರಿಂದ ಸೋತಿತು. ಆಬರ್ನ್ ಊರಿನ ಟೂಮರ್ಸ್ ಕಾರ್ನರ್‌ನಲ್ಲಿ ಎರಡು ಹಳೆಯ ಓಕ್ ಮರಗಳಿದ್ದವು. ಗೆದ್ದಾಗ ಜನ ಅವಕ್ಕೆ ಟಾಯ್ಲೆಟ್ ಪೇಪರ್ ಸುತ್ತಿ ಸಂಭ್ರಮ ಪಡುತ್ತಿದ್ದರು. ಅಲಬಾಮಾದ ಒಬ್ಬ ಅಭಿಮಾನಿ ಆ ಮರಗಳ ಬುಡಕ್ಕೆ ಕಳೆನಾಶಕ ಸುರಿದು, ಆಮೇಲೆ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ ಅದನ್ನು ಹೇಳಿಕೊಂಡ. ಜೈಲಿಗೆ ಹೋದ. ಮರ ಉಳಿಯಲಿಲ್ಲ, 2013ರಲ್ಲಿ ಕಡಿದರು. ಅಲಬಾಮಾ ಅಭಿಮಾನಿಗಳೇ ಮರ ಉಳಿಸಲು ದುಡ್ಡು ಕೂಡಿಸಿದ್ದರು ಅನ್ನುವುದನ್ನೂ ಹೇಳಬೇಕು.

ಇನ್ನು ಕೊಲಂಬಸ್ಸಿನದೇ ಮಾತು. 2024ರಲ್ಲಿ ಐದು ಪಂದ್ಯ ಸೋತಿದ್ದ ಮಿಶಿಗನ್ ಕೊಲಂಬಸ್‌ಗೇ ಬಂದು 13-10ರಿಂದ ಗೆದ್ದಿತು. ಮೈದಾನದ ನಡುವೆ ಬಾವುಟ ನೆಡಲು ಹೋಗಿ ಹೊಡೆದಾಟ ಆಯಿತು. ಪೊಲೀಸರು ಕಣ್ಣುರಿಸುವ ಪೆಪ್ಪರ್ ಸ್ಪ್ರೇ ಸಿಂಪಡಿಸಿದರು. ಎರಡೂ ವಿಶ್ವವಿದ್ಯಾಲಯಗಳಿಗೆ ಲಕ್ಷ ಡಾಲರ್ ದಂಡ. ಗೇಲಿ ಅಂಗಿಯ ಕಾಲರಿಗೆ ಕೈ ಹಾಕುವ ಜಾಗ ಅದು.

ನಿಮ್ಮ ಮಗನ ಆಫೀಸಿನಲ್ಲಿ ಅಳೆಯಬೇಕಾದದ್ದು ಇಷ್ಟೇ. ಗೇಲಿ ಮಿಶಿಗನ್ ಮೇಲಿದೆಯೋ, ಅವನ ಮೇಲಿದೆಯೋ? ಟೇಪು, ಟಿಶ್ಯೂ ಡಬ್ಬ, ಇವೆಲ್ಲ ಮಿಶಿಗನ್ ಮೇಲಿನವು. ಅವನ ಬಣ್ಣ, ಉಚ್ಚಾರ, ಊಟದ ಡಬ್ಬಿಯ ವಾಸನೆ, ವೀಸಾ, ಇವುಗಳ ಕಡೆ ಮಾತು ಹೊರಳಿದರೆ ಅದು ಫುಟ್‌ಬಾಲ್ ಅಲ್ಲ, ಫುಟ್‌ಬಾಲಿನ ಮುಖವಾಡ. ಆಗ ನಗಬಾರದು. ದಿನಾಂಕ ಹಾಕಿ ಬರೆದಿಟ್ಟುಕೊಂಡು ಮೇಲಿನವರಿಗೆ ತಿಳಿಸಬೇಕು. ಇನ್ನೊಂದು ಗುರುತೂ ಇದೆ. ಅವನು ತಿರುಗಿ ಕಿಚಾಯಿಸಿದಾಗ ಅವರು ನಗುತ್ತಾರಾ? ನಕ್ಕರೆ ಅವನು ಒಳಗಿನವನು. ಮುಖ ಬಿಗಿದರೆ ಯೋಚಿಸಬೇಕಾದ ಮಾತು.

ನನಗೆ ಮೊದಲ ಎರಡು ವರ್ಷ ಯಾರೂ ಗೇಲಿ ಮಾಡುತ್ತಿರಲಿಲ್ಲ, ಗೊತ್ತಾ? ಬಹಳ ಮರ್ಯಾದೆಯಿಂದ ನಡೆಸಿಕೊಳ್ಳುತ್ತಿದ್ದರು. ನಾನು ಬಂದರೆ ಫುಟ್‌ಬಾಲ್ ಮಾತು ನಿಲ್ಲಿಸಿ ಹವಾಮಾನದ ವಿಷಯ ಎತ್ತುತ್ತಿದ್ದರು. ಅದಕ್ಕಿಂತ ಒಂಟಿತನ ನಾನು ಕಂಡಿಲ್ಲ. ಮೂರನೆಯ ವರ್ಷ ನನ್ನ ಬಾಗಿಲಿನ ಎಂ ಮೇಲೆ ಟೇಪು ಬಿದ್ದಾಗ ಮನೆಗೆ ಬಂದು ಹೆಂಡತಿಗೆ ಹೇಳಿದೆ, ಆ ಸಂಜೆ ಪಾಯಸ ಆಯಿತು.

ಅವನು ತಿರುಗೇಟು ಕೊಡಬೇಕಾದರೆ ಸರಕು ಬೇಕಾದಷ್ಟಿದೆ. ಅವರು ತಮ್ಮ ಕಾಲೇಜಿನ ಹೆಸರಿನ ಮುಂದೆ ‘ದಿ’ ಅಂತ ಒತ್ತಿ ಹೇಳುತ್ತಾರೆ. 2022ರಲ್ಲಿ ಬಟ್ಟೆಗಳ ಮೇಲೆ ಆ ಪದ ಹಾಕಲು ಟ್ರೇಡ್‌ಮಾರ್ಕನ್ನೂ ಪಡೆದುಕೊಂಡರು. ಹಾಗಾಗಿ ಮಿಶಿಗನ್‌ನವರು ಬರೀ ‘ಓಹಿಯೊ’ ಅನ್ನುತ್ತಾರೆ. ‘ದಿ’, ‘ಸ್ಟೇಟ್’ ಎರಡು ಪದ ಕತ್ತರಿಸಿದರೆ ಸಾಕು, ಅವರಿಗೆ ಮೈ ಉರಿಯುತ್ತದೆ. 2021ರಿಂದ 2024ರವರೆಗೆ ನಾಲ್ಕು ವರ್ಷ ಸತತ ಮಿಶಿಗನ್ ಗೆದ್ದಿತ್ತು. 2024ರ ಸೀಸನ್ನಿನಲ್ಲಿ ಓಹಿಯೊ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್ ಆಯಿತು ನಿಜ, ಆದರೆ ಮಿಶಿಗನ್‌ಗೆ ಸೋತ ಚಾಂಪಿಯನ್. ಕಪ್ಪಿನ ಮೆರವಣಿಗೆಯಲ್ಲೂ ಅದು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕೂತಿತ್ತು. ಇಷ್ಟೆಲ್ಲ ಆದರೂ ಎರಡೂ ಕಾಲೇಜಿನ ವಿದ್ಯಾರ್ಥಿಗಳು 1980ರ ದಶಕದಿಂದ ಪ್ರತಿವರ್ಷ ಈ ಪಂದ್ಯಕ್ಕೆ ಮುಂಚೆ ರಕ್ತದಾನದ ಪೈಪೋಟಿಯನ್ನೂ ನಡೆಸುತ್ತಾರೆ. ಯಾರ ರಕ್ತ ಜಾಸ್ತಿ ಅಂತ. ಅವನು ಮಿಶಿಗನ್ ಲೆಕ್ಕಕ್ಕೆ ಒಂದು ಬಾಟಲಿ ಕೊಟ್ಟು ಬರಲಿ.

2025ರ ನವೆಂಬರ್ 29ರಂದು ಓಹಿಯೊ ಸ್ಟೇಟ್ ಆನ್ ಆರ್ಬರ್‌ಗೆ ಹೋಗಿ 27-9ರಿಂದ ಗೆದ್ದು ಆ ಸಾಲು ಮುರಿಯಿತು. ನಿಮಗೆ ಆ ಟಿಶ್ಯೂ ಡಬ್ಬದ ವಿಷಯ ಹೇಳಿದ್ದು ಬಹುಶಃ ಆ ಸೋಮವಾರದ್ದೇ ಇರಬೇಕು. ಆದರೆ ಅದರ ಮುಂದಿನ ಶನಿವಾರವೇ ಬಿಗ್ ಟೆನ್ ಫೈನಲ್ಲಿನಲ್ಲಿ ಓಹಿಯೊ ಸ್ಟೇಟ್ ಇಂಡಿಯಾನಾ ಕೈಲಿ ಸೋತಿತು. ಸ್ಕೋರು ಎಷ್ಟು ಗೊತ್ತಾ? 13-10. ಟೊಲೀಡೊ ಅವತ್ತು ಮಿಶಿಗನ್‌ಗೆ ಬಡಿಸಿದ್ದೇ ಅಂಕಿ. ಆ ಸೋಮವಾರ ನಿಮ್ಮ ಮಗ ಡಬ್ಬವನ್ನು ವಾಪಸ್ ಅವರ ಟೇಬಲ್ ಮೇಲೆ ಇಟ್ಟನಾ, ಕೇಳಿ ನೋಡಿ.